ಉಮ್ಮನ ಕತ್ತಿ, ರಾಜನ ಕತ್ತಿ

ಮೂರನೇ ಕ್ಲಾಸಿನಲ್ಲಿ ಒಂದು ದಿನ ಮಾಸ್ಟ್ರು ಪುಸ್ತಕದಲ್ಲಿದ್ದ ರಾಜನ ಚಿತ್ರ ತೋರಿಸಿ, "ಇವನ ಕೈಯಲ್ಲಿ ಏನುಂಟು?" ಎಂದು ಕೇಳಿದರು. "ಕತ್ತಿ" ಎಂದು ಮುಂದಿನ ಬೆಂಚಿನವರು ಓದಿ ಹೇಳಿದರು. "ನಿಮ್ಮಲ್ಲಿ ಯಾರಾದರೂ ಕತ್ತಿ ನೋಡಿದ್ದೀರಾ?" ಎಂದದ್ದೇ ತಡ, ಇಡೀ ಕ್ಲಾಸಿನ ಕೈ ಮೇಲೆ ಹೋಯಿತು. ನಾನು ಒಂದು ಹೆಜ್ಜೆ ಮುಂದೆ ಹೋಗಿ, "ನಮ್ಮ ಮನೆಯಲ್ಲಿ ನಾಲ್ಕು ಉಂಟು ಮಾಸ್ಟ್ರೇ. ಒಂದರಲ್ಲಿ ಮೀನು ಮಾತ್ರ ಕೊಯ್ಯುವುದು" ಎಂದೆ.

ಮಾಸ್ಟ್ರು ಮೇಜು ಹಿಡಿದುಕೊಂಡು ನಕ್ಕರು. ಅವರೂ ನಮ್ಮ ಮಂಜೇಶ್ವರದ ಕಡೆಯವರೇ. ಅವರ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು, ನಮ್ಮ ಜೊತೆ ಬೇಕೆಂದರೆ ಬ್ಯಾರಿ. ನಗು ನಿಂತ ಮೇಲೆ ಹೇಳಿದರು: "ಅದು ಮನೆಯ ಕತ್ತಿ, ಇದು ಪುಸ್ತಕದ ಕತ್ತಿ. ಪರೀಕ್ಷೆಯಲ್ಲಿ ಪುಸ್ತಕದ್ದನ್ನು ಬರೆಯಿರಿ."

ಆ ದಿನ ಮನೆಗೆ ಬಂದು ನಾನು ಉಮ್ಮನ ಕತ್ತಿಗಳನ್ನು ಮತ್ತೆ ನೋಡಿದೆ. ಅಡಿಗೆ ಕೋಣೆಯ ಮೂಲೆಯಲ್ಲಿ ಕಾಲಿನಲ್ಲಿ ಮೆಟ್ಟಿ ತರಕಾರಿ ಹೆಚ್ಚುವ ಮೆಟ್ಟುಕತ್ತಿ. ಹಿತ್ತಲ ಕಿಟಕಿಯ ದಂಡೆಯಲ್ಲಿ ಮೀನಿನ ಕತ್ತಿ. ಅದನ್ನು ಬೂದಿ ಹಾಕಿ ತಿಕ್ಕಿ ತೊಳೆದರೂ ಬಂಗುಡೆಯ ವಾಸನೆ ಹೋಗುತ್ತಿರಲಿಲ್ಲ. ಗೋಡೆಯ ಮೊಳೆಯಲ್ಲಿ ಹುಲ್ಲು ಕೊಯ್ಯುವ ಬಾಗಿದ ಕತ್ತಿ. ಬಾಗಿಲ ಹಿಂದೆ ಎಲ್ಲಕ್ಕಿಂತ ದೊಡ್ಡದು: ತೆಂಗಿನಕಾಯಿ ಒಡೆಯಲು, ಸೌದೆ ಸಿಗಿಯಲು, ಹಲಸಿನ ಹಣ್ಣು ಸೀಳಲು. ಊರಿನ ಕಬ್ಬಿಣದ ಆಚಾರಿ ಹಳೇ ಲಾರಿಯ ಪ್ಲೇಟು ಕಾಯಿಸಿ ಬಡಿದು ಮಾಡಿದ ಕತ್ತಿ ಅದು. ಉಮ್ಮ ಮೂರು ಸಲ ಕೈಯಲ್ಲಿ ಎತ್ತಿ ತೂಗಿ ನೋಡಿ, "ಮೂಗು ಭಾರ ಆಯಿತು, ಸ್ವಲ್ಪ ತೆಗೆಯಿರಿ" ಎಂದು ವಾಪಸು ಕೊಟ್ಟು ಮಾಡಿಸಿಕೊಂಡದ್ದು.

ಆ ಕತ್ತಿಗೆ ಮನೆಯಲ್ಲಿ ಕಾನೂನುಗಳಿದ್ದವು. ಕೈಯಿಂದ ಕೈಗೆ ಕೊಡಬಾರದು, ನೆಲದಲ್ಲಿ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಇಬ್ಬರ ನಡುವೆ ಜಗಳ ಬರುತ್ತದೆ. ಅಂಚು ಮೇಲೆ ಮಾಡಿ ಇಡಬಾರದು. ರಾತ್ರಿ ಮಸೆಯಬಾರದು. ದಾದಿ ಬಾಣಂತಿಯಾಗಿದ್ದಾಗ ಉಮ್ಮಾಮ ಒಂದು ಸಣ್ಣ ಕತ್ತಿಯನ್ನು ಹಾಸಿಗೆಯ ಅಡಿಯಲ್ಲಿ ಇಟ್ಟಿದ್ದರು. ಕಬ್ಬಿಣ ಇದ್ದರೆ ಏನೂ ಹತ್ತಿರ ಬರುವುದಿಲ್ಲವಂತೆ. ಇದೆಲ್ಲ ದೀನಿನಲ್ಲಿ ಇಲ್ಲ ಎಂದು ಉಸ್ತಾದರು ಹೇಳಿದಾಗ ಉಮ್ಮಾಮ ತಲೆಯಾಡಿಸಿದರು, ಕತ್ತಿಯನ್ನು ಮಾತ್ರ ತೆಗೆಯಲಿಲ್ಲ. ಬಕ್ರೀದಿನ ಹಿಂದಿನ ದಿನ ಉಪ್ಪ ಕತ್ತಿ ಮಸೆಯಲು ಕುಳಿತರೆ ಆಡನ್ನು ಮನೆಯ ಆಚೆ ಬದಿಗೆ ಕಟ್ಟಿಸುತ್ತಿದ್ದರು. ಮಸೆಯುವುದನ್ನು ಅದು ಕಾಣಬಾರದು. ಮೊಂಡು ಕತ್ತಿಯಲ್ಲಿ ಕೊಯ್ದರೆ ಅದು ಪ್ರಾಣಿಗೆ ಮಾಡುವ ಅನ್ಯಾಯ ಎಂದು ಅಂಚನ್ನು ಹೆಬ್ಬೆರಳ ಉಗುರಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದರು.

ಹೀಗೆ ನಮ್ಮ ಮಟ್ಟಿಗೆ ಕತ್ತಿ ಎಂದರೆ ಉಮ್ಮನ ಕೈಯಲ್ಲಿರುವ ವಸ್ತು. ರಾಜನಿಗೆ ಅದು ಎಲ್ಲಿಂದ ಸಿಕ್ಕಿತು ಎನ್ನುವುದೇ ನನಗೆ ಆಶ್ಚರ್ಯ.

ಆಮೇಲೆ ಹೈಸ್ಕೂಲಿನಲ್ಲಿ ಮಲಯಾಳಂ ಕಲಿಯುವಾಗ ಮತ್ತೊಂದು ಪೆಟ್ಟು ಬಿತ್ತು. ಪಾಠದಲ್ಲಿ 'ತೀ ಕತ್ತಿ' ಎಂದಿತ್ತು. ಬೆಂಕಿಯ ಕತ್ತಿ ಎಂದು ನಾನು ಅರ್ಥ ಬರೆದೆ, ಜಿನ್ನುಗಳ ಕಥೆ ಇರಬೇಕು ಎಂದುಕೊಂಡು. ಟೀಚರ್ ಕೆಂಪು ಗೆರೆ ಎಳೆದರು. ಮಲಯಾಳದಲ್ಲಿ 'ಕತ್ತಿ' ಎಂದರೆ ಉರಿಯಿತು ಎಂದೂ ಆಗುತ್ತದೆ. 'ತೀ ಕತ್ತಿ' ಎಂದರೆ ಬೆಂಕಿ ಉರಿಯಿತು, ಅಷ್ಟೇ. ಬರೆಯುವಾಗ ಎರಡೂ ಒಂದೇ. ಕಾಲೇಜಿಗೆ ಹೋದಾಗ ಅದೇ ಮಲಯಾಳದ ಹುಡುಗರು ಇನ್ನೆರಡು ಅರ್ಥ ಕಲಿಸಿದರು. ಯಾರಾದರೂ ಬಿಡದೆ ತಲೆ ತಿಂದರೆ ಅವನು 'ಕತ್ತಿ'. ಹೋಟೆಲಿನವನು ಒಂದು ಚಾಯಕ್ಕೆ ಹೆಚ್ಚು ದುಡ್ಡು ಕೇಳಿದರೆ ಅದೂ 'ಕತ್ತಿ'. ಕಥಕಳಿಯಲ್ಲಿ ರಾವಣ, ದುರ್ಯೋಧನರಂಥವರದ್ದು 'ಕತ್ತಿ ವೇಷ'. ಕೆನ್ನೆಯ ಮೇಲೆ ಬರೆಯುವ ಮೀಸೆಯ ಆಕಾರ ಕತ್ತಿಯ ಹಾಗೆ ಇರುವುದರಿಂದ ಆ ಹೆಸರು.

ಮಲಯಾಳದವರಿಗೆ ಒಂದು ಅನುಕೂಲ ಉಂಟು. ಯುದ್ಧದ ಆಯುಧಕ್ಕೆ ಅವರಲ್ಲಿ 'ವಾಳ್' ಎಂಬ ಬೇರೆ ಪದ ಇದೆ. ಹಾಗಾಗಿ ಅವರ ಕತ್ತಿ ನೆಮ್ಮದಿಯಿಂದ ಅಡಿಗೆಮನೆಯಲ್ಲಿ ಕುಳಿತಿದೆ. ಹಳಗನ್ನಡದಲ್ಲೂ ಆ ವಾಳ್‌ಗೆ ಜೊತೆಯಾಗಿ 'ಬಾಳ್' ಇತ್ತು. ಈಗಿನ ಕನ್ನಡದಲ್ಲಿ ಬಾಳು ಎಂದರೆ ಜೀವನ. ಅದು ಬೇರೆಯೇ ಪದ, ಹಳಗನ್ನಡದಲ್ಲಿ ಅದರ ಕೊನೆಯ ಅಕ್ಷರವೂ ಬೇರೆ ಇತ್ತು. ಆಯುಧದ ಬಾಳು ಮಾತ್ರ ಮೂಲೆ ಸೇರಿತು. ನಮ್ಮ ಕಡೆ ಈಗ ಅದನ್ನು ಕೇಳುವುದು ಕೋಳಿ ಅಂಕದ ಸುದ್ದಿಯಲ್ಲಿ, ಹುಂಜದ ಕಾಲಿಗೆ ಕಟ್ಟುವ ಸಣ್ಣ ಅಲಗಿಗೆ. ಬಾಳು ಬಿಟ್ಟುಹೋದ ದೊಡ್ಡ ಜಾಗದಲ್ಲಿ ಖಡ್ಗವೂ ಕತ್ತಿಯೂ ಬಂದು ನಿಂತಿವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ ಕತ್ತಿಗೆ ಅಡಿಗೆಯ ಚೂರಿ, ಕ್ಷೌರದ ಅಲಗು, ಯುದ್ಧದ ಖಡ್ಗ ಮೂರೂ ಅರ್ಥಗಳಿವೆ. ಅಂದರೆ ನಮ್ಮ ಮಾಸ್ಟ್ರು ಹೇಳಿದ ಮನೆಯ ಕತ್ತಿಯೂ ಪುಸ್ತಕದಲ್ಲಿ ಇತ್ತು. ನಮ್ಮ ಪುಸ್ತಕದಲ್ಲಿ ಇರಲಿಲ್ಲ, ಅಷ್ಟೇ.

ನಮ್ಮ ನೆರೆಯ ತುಳುವರು ಸಣ್ಣ ಚೂರಿಗೆ ಬಿಸತ್ತಿ ಎನ್ನುತ್ತಾರೆ, ದೊಡ್ಡದಕ್ಕೆ ಕತ್ತಿಯೇ. ಕೊಡಗಿನ ಗೆಳೆಯನೊಬ್ಬನ ಮದುವೆಗೆ ಹೋದಾಗ ಮದುಮಗನ ಸೊಂಟದಲ್ಲಿ ಬೆಳ್ಳಿಯ ಪೀಚೆಕತ್ತಿ ನೋಡಿದೆ. ಬಾಳೆದಿಂಡುಗಳನ್ನು ಒಂದೇ ಏಟಿಗೆ ತುಂಡು ಮಾಡುವ ಅಗಲದ ಒಡಿಕತ್ತಿಯನ್ನೂ ನೋಡಿದೆ. ಅಲ್ಲಿ ಕತ್ತಿ ಎಂದರೆ ಮರ್ಯಾದೆ. ನನ್ನ ಉಮ್ಮನ ಕತ್ತಿಗೆ ಅಷ್ಟು ಬೆಳ್ಳಿ ಇಲ್ಲದಿದ್ದರೂ ಸಂಬಂಧಿಕರು ಒಳ್ಳೆಯವರಿದ್ದಾರೆ ಎಂದು ಸಂತೋಷವಾಯಿತು.

1956ರವರೆಗೆ ನಮ್ಮ ಕಾಸರಗೋಡು ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ 1ಕ್ಕೆ ಕೇರಳಕ್ಕೆ ಸೇರಿತು. ಅಂದಿನಿಂದ ನಮಗೆ ಗಡಿ ಎಂದರೆ ತಲಪಾಡಿ. ಆದರೆ ಈ ಕತ್ತಿಯ ಮಟ್ಟಿಗೆ ತಲಪಾಡಿಯಲ್ಲಿ ಗಡಿಯೇ ಇಲ್ಲ. ಉಪ್ಪಳದಲ್ಲಿ ಕತ್ತಿ ಕೇಳಿದರೂ ಉಳ್ಳಾಲದಲ್ಲಿ ಕೇಳಿದರೂ ಅಂಗಡಿಯವನು ಒಂದೇ ವಸ್ತು ತೆಗೆದುಕೊಡುತ್ತಾನೆ. ಅದರ ಗಡಿ ಶಿರಾಡಿ ಘಾಟಿಯಲ್ಲಿದೆ. ಘಾಟಿ ಹತ್ತಿ ಆಚೆ ಇಳಿದ ಮೇಲೆ ಉಮ್ಮನ ಕತ್ತಿ ರಾಜನ ಕತ್ತಿಯಾಗುತ್ತದೆ. ಇದು ನನಗೆ ಗೊತ್ತಾದದ್ದು ಬೆಂಗಳೂರಿನಲ್ಲಿ.

ಕೆಲಸ ಸಿಕ್ಕಿ ಬೆಂಗಳೂರಿಗೆ ಹೋದ ಹೊಸತು. ದಾವಣಗೆರೆ ಕಡೆಯ ಒಬ್ಬ ಗೆಳೆಯನ ಜೊತೆ ಮೊದಲ ಮಹಡಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆ. ಕೆಳಗೆ ಮಾಲೀಕರು. ವಯಸ್ಸಾದವರು, ಒಳ್ಳೆಯ ಮಾತು, ಬೆಳಿಗ್ಗೆ ಸಿಕ್ಕಿದರೆ "ತಿಂಡಿ ಆಯ್ತೇನಪ್ಪಾ?" ಎಂದು ಕೇಳದೆ ಹೋಗುತ್ತಿರಲಿಲ್ಲ. ಅಡಿಗೆ ನಾವೇ ಮಾಡಿಕೊಳ್ಳುತ್ತಿದ್ದೆವು. ಅಂಗಡಿಯಲ್ಲಿ ತಂದ ಪ್ಲಾಸ್ಟಿಕ್ ಹಿಡಿಯ ಚಾಕು ತೆಂಗಿನಕಾಯಿಯ ಮುಂದೆ ಬಾಗಿಹೋಯಿತು. ಅದನ್ನು ಫೋನಿನಲ್ಲಿ ಹೇಳಿದ್ದಕ್ಕೆ ಉಮ್ಮ ಬಾಗಿಲ ಹಿಂದಿನ ದೊಡ್ಡ ಕತ್ತಿಯನ್ನೇ ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಗೋಣಿ ಹೊಲಿದು, ಒಂದು ಹಲಸಿನ ಹಣ್ಣಿನ ಜೊತೆ ಮಂಗಳೂರಿನ ರಾತ್ರಿ ಬಸ್ಸಿನಲ್ಲಿ ಕಳಿಸಿಕೊಟ್ಟರು. ತನಗೆ ಬೇರೆ ಮಾಡಿಸಿಕೊಳ್ಳುತ್ತೇನೆ ಎಂದರು.

ಮರುದಿನ ಸಂಜೆ ಮೆಟ್ಟಿಲಲ್ಲಿ ನಿಂತು ಉಮ್ಮನ ಹತ್ತಿರ ಮಾತಾಡಿದೆ. ಸಿಗ್ನಲ್ ಅಲ್ಲಿ ಮಾತ್ರ ಸಿಗುತ್ತಿತ್ತು. "ಕತ್ತಿ ಕಿಟ್ಟಿಯಾ?" ಎಂದು ಅವರು ಕೇಳಿದರು. ಸಿಕ್ಕಿತು ಎಂದೆ. ಫೋನಿಟ್ಟು ಅಲ್ಲೇ ಗೆಳೆಯನಿಗೆ ಕನ್ನಡದಲ್ಲಿ, "ಊರಿನಿಂದ ಕತ್ತಿ ಬಂತು. ಸ್ವಲ್ಪ ಹರಿತ ಮಾಡಿಸಬೇಕು" ಎಂದೆ. ಅವನು, "ಮಾಡ್ಸೋಣ ಬಿಡೋ, ಕತ್ತಿ ಬಂತಲ್ಲ, ಇನ್ನೇನು" ಎಂದ. ಇಷ್ಟೇ ನಡೆದದ್ದು.

ಎರಡು ದಿನ ಬಿಟ್ಟು ಭಾನುವಾರ ಬಾಗಿಲು ತಟ್ಟಿತು. ಮಾಲೀಕರು, ಅವರ ಜೊತೆ ಇನ್ನಿಬ್ಬರು. ಅದರಲ್ಲಿ ಒಬ್ಬರಿಗೆ ಸ್ಟೇಷನ್‌ನಲ್ಲಿ ಪರಿಚಯ ಇದೆ ಎಂದು ಆಮೇಲೆ ತಿಳಿಯಿತು. ಆ ದಿನ ತಿಂಡಿ ಆಯಿತಾ ಎಂದು ಮಾಲೀಕರು ಕೇಳಲಿಲ್ಲ. ನನ್ನ ಮುಖ ನೋಡದೆ, "ಏನಪ್ಪಾ, ಮನೇಲಿ ಕತ್ತಿ ತರಿಸಿ ಇಟ್ಕೊಂಡಿದೀಯಂತೆ?" ಎಂದರು.

"ಹೌದು ಸಾರ್, ಉಂಟು" ಎಂದೆ ನಾನು. ಉಂಟು ಎಂದಾಗ ಅವರ ಜೊತೆ ಬಂದವರು ಒಬ್ಬರನ್ನೊಬ್ಬರು ನೋಡಿಕೊಂಡರು. ನನಗೆ ಆಗಲೂ ಹೊಳೆಯಲಿಲ್ಲ. ಬೇಕೇನೋ ಎಂದುಕೊಂಡು ಒಳಗೆ ಹೋಗಿ ತಂದೆ. ಮನೆಯ ಅಭ್ಯಾಸದಂತೆ ಕೈಗೆ ಕೊಡದೆ ಅವರ ಕಾಲ ಬಳಿ ನೆಲದಲ್ಲಿ ಇಟ್ಟೆ. ಹಲಸಿನ ಮೇಣ ಇನ್ನೂ ಅದಕ್ಕೆ ಅಂಟಿಕೊಂಡಿತ್ತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾಲೀಕರು ಉಸಿರು ಬಿಟ್ಟು, "ಅಯ್ಯೋ, ಇದಾ? ಇದು ಮಚ್ಚು ಕಣಪ್ಪಾ!" ಎಂದರು. ನಗಬೇಕೆಂದು ಹೊರಟವರು ಅರ್ಧಕ್ಕೆ ನಿಲ್ಲಿಸಿದರು. ಬೆಂಗಳೂರಿನಲ್ಲಿ ಮಚ್ಚು ಎಂದರೆ ಏನು ಎಂದು ಅವರಿಗೂ ಗೊತ್ತು, ಸಿನಿಮಾ ನೋಡಿದ ನಮಗೂ ಗೊತ್ತು. ಕತ್ತಿಯಿಂದ ತಪ್ಪಿಸಿಕೊಂಡು ಮಚ್ಚಿಗೆ ಬಂದು ನಿಂತಿದ್ದೆ. ಗೆಳೆಯ ಒಳಗಿನಿಂದ ಹಲಸಿನ ತೊಳೆ ತುಂಬಿದ ಪಾತ್ರೆ ತಂದು ಅವರ ಮುಂದೆ ಹಿಡಿದ. ಮಾಲೀಕರು ಎರಡು ತೊಳೆ ತೆಗೆದುಕೊಂಡರು, "ಚೆನ್ನಾಗಿದೆ" ಎಂದರು, ಕೆಳಗೆ ಇಳಿದು ಹೋದರು. ಜೊತೆ ಬಂದವರು ತಿನ್ನಲಿಲ್ಲ.

ಅವರು ಹೋದ ಮೇಲೆ ಗೆಳೆಯ ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, "ಕತ್ತಿ ಅಂತ ನಾನೂ ಅಂದೆನಲ್ಲೋ. ನನ್ನ ಯಾಕೆ ಕೇಳಲಿಲ್ಲ?" ಎಂದ. ಅದಕ್ಕೆ ನಾನು ಉತ್ತರ ಕೊಡಲಿಲ್ಲ. ಅವನಿಗೂ ಬೇಕಾಗಿರಲಿಲ್ಲ.

ಎರಡು ತಿಂಗಳಾದ ಮೇಲೆ ಮಾಲೀಕರು ಮಗನಿಗೆ ಮನೆ ಬೇಕು ಎಂದು ಅಡ್ವಾನ್ಸ್ ವಾಪಸು ಕೊಟ್ಟರು. ಒಂದು ರೂಪಾಯಿ ಹಿಡಿಯಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇತ್ತೆಂದು ಹೇಳಲಾರೆ. ಇರಲಿಲ್ಲ ಎಂದೂ ನನ್ನ ಮನಸ್ಸು ಇವತ್ತಿನವರೆಗೆ ಒಪ್ಪಿಲ್ಲ.

ಆದರೆ ನಾನು ಇಲ್ಲಿ ಬರೆಯಲು ಹೊರಟದ್ದು ಅವರ ತಪ್ಪನ್ನಲ್ಲ, ಆಮೇಲೆ ನಾನು ಮಾಡಿದ್ದನ್ನು. ನಾನು ಆ ಪದವನ್ನೇ ಬಿಟ್ಟೆ. ಚಾಕು ಎನ್ನಲು ಕಲಿತೆ. ಆಫೀಸಿನಲ್ಲಿ ಚಾಕು, ಅಂಗಡಿಯಲ್ಲಿ ಚಾಕು. ಮದುವೆಯಾಗಿ ಸಂಸಾರ ಹೂಡಿದ ಮೇಲೆ ಮನೆಯಲ್ಲೂ ಚಾಕು. ಹೆಂಡತಿ ಕುಂಬಳೆಯವಳು. ಅವಳ ಬಾಯಲ್ಲಿ ಕತ್ತಿ ಬಂದರೆ ಕಿಟಕಿ ತೆರೆದಿದೆಯೇ ಎಂದು ನೋಡುತ್ತಿದ್ದೆ. ಉಮ್ಮ ಕಳಿಸಿದ ಕತ್ತಿಯನ್ನು ಹಳೇ ಲುಂಗಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಮನೆ ಬದಲಾಯಿಸಿದಾಗಲೆಲ್ಲ ಅದು ಪಾತ್ರೆಗಳ ಅಡಿಯಲ್ಲಿ ಯಾರಿಗೂ ಕಾಣದ ಹಾಗೆ ಬಂತು.

ಉಮ್ಮನಿಗೂ ಹೇಳಿದೆ: "ಫೋನಿನಲ್ಲಿ ಕತ್ತಿ ಎಂದು ಹೇಳಬೇಡಿ."

"ಮತ್ತೆ ಏನು ಹೇಳುವುದು?"

"ಏನಾದರೂ ಹೇಳಿ. ಆ ಪದ ಬೇಡ."

ಯಾಕೆ ಎಂದು ಅವರು ಕೇಳಲಿಲ್ಲ. ಟಿವಿ ನೋಡುವವರು, ಪೇಪರ್ ಓದುವವರು. ಮುಂದಿನ ವಾರ ಫೋನ್ ಮಾಡಿದಾಗ ದನಿ ತಗ್ಗಿಸಿ, "ಮೋನೇ, ಆ ಸಾಮಾನು ತುಕ್ಕು ಹಿಡಿಯಲಿಲ್ಲವಲ್ಲ? ಎಣ್ಣೆ ಹಚ್ಚಿ ಇಡು" ಎಂದರು. ಆ ಸಾಮಾನು! ಯಾರಾದರೂ ಕೇಳಿಸಿಕೊಂಡಿದ್ದರೆ ಕತ್ತಿಗಿಂತ ಅದೇ ಹೆಚ್ಚು ಅಪಾಯದ ಮಾತು. ನನಗೆ ನಗು ಬಂತು, ಫೋನಿಟ್ಟ ಮೇಲೆ ಅಳುವೂ ಬಂತು. ಮೀನು ಕೊಯ್ಯುವ ವಸ್ತುವಿನ ಹೆಸರನ್ನು ಅರವತ್ತು ದಾಟಿದ ನನ್ನ ಉಮ್ಮ, ಮಂಜೇಶ್ವರದ ತನ್ನ ಸ್ವಂತ ಮನೆಯೊಳಗೆ ಕುಳಿತು ಪಿಸುಗುಟ್ಟುವ ಹಾಗೆ ಮಾಡಿದವನು ನಾನು.

ಕಳೆದ ಮೇ ತಿಂಗಳಲ್ಲಿ ಉಮ್ಮ ಬೆಂಗಳೂರಿಗೆ ಬಂದರು. ಜೊತೆಯಲ್ಲಿ ಪತ್ತಿರ್ ಹಿಟ್ಟು, ಉಪ್ಪಿನಕಾಯಿ, ಮತ್ತೆ ಅದೇ ಮರದ ಹಲಸಿನ ಹಣ್ಣು. ಮಧ್ಯಾಹ್ನ ನೆಲಕ್ಕೆ ಪೇಪರ್ ಹಾಸಿ, ಅಂಗೈಗೆ ತೆಂಗಿನೆಣ್ಣೆ ಹಚ್ಚಿಕೊಂಡು ಕುಳಿತರು. ಏಳು ವರ್ಷದ ನನ್ನ ಮಗಳಿಗೆ, "ಮೋಳೇ, ಕತ್ತಿ ಏಡೆ? ಎತ್ತಿಕೊಂಡು ಬಾ" ಎಂದರು. ಮಗಳು ಕಣ್ಣರಳಿಸಿ ನಿಂತಳು.

"ಕತ್ತಿ ನಮ್ಮನೇಲಿ ಇಲ್ಲ ಉಮ್ಮಾಮ. ಅದು ರಾಜರ ಹತ್ರ ಇರೋದು. ಯುದ್ಧಕ್ಕೆ."

ಉಮ್ಮ ನಗುತ್ತಾರೆ ಎಂದುಕೊಂಡೆ. ಮೂವತ್ತು ವರ್ಷದ ಹಿಂದೆ ನನ್ನ ಮಾಸ್ಟ್ರು ನಕ್ಕ ಹಾಗೆ. ಅವರು ನಗಲಿಲ್ಲ. ಎಣ್ಣೆಯ ಕೈಯನ್ನು ಹಾಗೆಯೇ ಮೇಲೆ ಹಿಡಿದುಕೊಂಡು ನನ್ನ ಕಡೆ ನೋಡಿದರು. ನನ್ನ ಕ್ಲಾಸಿನ ಮಕ್ಕಳಿಗೆ ಮನೆಯ ಕತ್ತಿ ಗೊತ್ತಿತ್ತು, ಪುಸ್ತಕದ್ದು ಗೊತ್ತಿರಲಿಲ್ಲ. ನನ್ನ ಮಗಳಿಗೆ ಪುಸ್ತಕದ್ದು ಮಾತ್ರ ಗೊತ್ತು. ನಡುವೆ ಇದ್ದವನು ನಾನೊಬ್ಬನೇ.

ಅಟ್ಟ ಹತ್ತಿ ಲುಂಗಿಯ ಗಂಟು ಇಳಿಸಿದೆ. ಕಬ್ಬಿಣ ಕೆಂಪಾಗಿತ್ತು. ಹಿಡಿ ಗಟ್ಟಿ ಇತ್ತು. ಉಮ್ಮ ಅದನ್ನು ಎತ್ತಿ, ಹಳೇ ಹಾಗೆಯೇ ಒಮ್ಮೆ ತೂಗಿ ನೋಡಿ, "ಮೂಗು ಸರಿ ಉಂಟು. ಬಾಯಿ ಹೋಗಿದೆ" ಎಂದರು. ಮಗಳನ್ನು ಪಕ್ಕದಲ್ಲಿ ಕೂರಿಸಿ ಹುಣಸೆ, ಬೂದಿ ಇಲ್ಲದ್ದಕ್ಕೆ ಪಾತ್ರೆ ತಿಕ್ಕುವ ಪುಡಿ ಹಾಕಿ ತಿಕ್ಕಿದರು. ತಿಕ್ಕುತ್ತಾ ಕಾನೂನುಗಳನ್ನೂ ಹೇಳಿಕೊಟ್ಟರು. ಕೈಗೆ ಕೊಡಬಾರದು. ಅಂಚು ಮೇಲೆ ಮಾಡಬಾರದು. ಮಗಳು ಪ್ರತಿ ಸಲವೂ "ಕತ್ತಿಯನ್ನಾ?" ಎಂದು ಕೇಳಿ ಖಚಿತ ಮಾಡಿಕೊಂಡಳು. ಪದ ಅವಳ ಬಾಯಿಗೆ ಹೊಸತು, ರುಚಿ ನೋಡುತ್ತಿದ್ದಳು.

ಆ ದಿನ ಹಣ್ಣು ಕೊಯ್ದದ್ದು ಚಾಕುವಿನಲ್ಲೇ, ಅರ್ಧ ಗಂಟೆ ಕಷ್ಟಪಟ್ಟು. ಮರುದಿನ ಬೆಳಿಗ್ಗೆ ನಮ್ಮ ಬೀದಿಯಲ್ಲಿ ಸೈಕಲ್ಲಿನ ಸಾಣೆಯವನ ಕೂಗು ಕೇಳಿತು. ನಾನು ಬಾಲ್ಕನಿಗೆ ಹೋದೆ. ಎದುರು ಮನೆಯವರು ಗಿಡಕ್ಕೆ ನೀರು ಹಾಕುತ್ತಿದ್ದರು, ಕೆಳಗೆ ವಾಚ್‌ಮನ್ ಕುಳಿತಿದ್ದ. ಒಂದು ಕ್ಷಣ ಬಾಯಿ ತೆರೆದು ಹಾಗೆಯೇ ನಿಂತೆ. ಆಮೇಲೆ ನನ್ನ ಊರಿನ ಗಂಟಲಿನಲ್ಲೇ ಕೂಗಿದೆ: "ಹೋಯ್, ನಿಲ್ಲಿ! ಒಂದು ಕತ್ತಿ ಉಂಟು!"

ಎದುರು ಮನೆಯವರು ತಲೆಯೆತ್ತಿ ನೋಡಿದರು. ನೀರು ಹಾಕುವುದನ್ನು ಮುಂದುವರಿಸಿದರು. ಅಷ್ಟೇ. ಎಲ್ಲ ಬೀದಿಗಳಲ್ಲೂ ಅಷ್ಟೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳು ಬಾಡಿಗೆ ಮನೆಯ ಮೆಟ್ಟಿಲಲ್ಲಿ ನಿಂತು ಮಾತಾಡುವಾಗ ಜಾಗ್ರತೆ ಬೇಕು ಎನ್ನುವ ಉಪ್ಪಂದಿರ ಭಯವೂ ನನಗೆ ಗೊತ್ತು, ಅದು ಸುಳ್ಳಿನ ಭಯವಲ್ಲ. ಆದರೆ ಮನೆಯೊಳಗೆ ಆ ಪದವನ್ನು ಅಟ್ಟಕ್ಕೆ ಹಾಕಬೇಕಾಗಿರಲಿಲ್ಲ.

ಗೇಟಿನ ಹತ್ತಿರ ಸಾಣೆಯವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ. "ಸಾರ್, ಇದು ಮಚ್ಚು. ಚಾಕು ರೇಟಿಗೆ ಆಗಲ್ಲ. ನೂರು ರೂಪಾಯಿ ಕೊಡಿ."

"ನೂರಾ? ಅದು ಕತ್ತಿ ಆಯಿತಲ್ಲ!" ಎಂದೆ. ಕಾಲೇಜು ಬಿಟ್ಟ ಮೇಲೆ ಆ ಅರ್ಥದಲ್ಲಿ ಆ ಪದ ಬಾಯಿಗೆ ಬಂದದ್ದು ಅದೇ ಮೊದಲು. ಅವನಿಗೆ ಅರ್ಥವಾಗಲಿಲ್ಲ. "ಕತ್ತಿ ಅಲ್ಲ ಸಾರ್, ಮಚ್ಚು" ಎಂದು ತಿದ್ದಿದ. ಬಾಲ್ಕನಿಯಲ್ಲಿ ಮೊಮ್ಮಗಳ ಜೊತೆ ನಿಂತಿದ್ದ ಉಮ್ಮ ಸೆರಗು ಬಾಯಿಗೆ ಹಿಡಿದು ನಕ್ಕರು. ಎಂಬತ್ತಕ್ಕೆ ಒಪ್ಪಿದ. ಕಿಡಿ ಹಾರಿಸಿ, ಅಂಚು ಬೆಳ್ಳಗೆ ಮಾಡಿ, ಹಿಡಿ ನನ್ನ ಕಡೆಗೆ ತಿರುಗಿಸಿ ಚಾಚಿದ.

"ಉಪ್ಪಾ, ಕೈಯಲ್ಲಿ ತಗೋಬೇಡಿ!" ಎಂದು ಮೇಲಿನಿಂದ ಮಗಳು ಕೂಗಿದಳು. "ಕತ್ತಿ ಕೆಳಗೆ ಇಡೋಕೆ ಹೇಳಿ!"